ಕ್ಯೋಟೋದಲ್ಲಿ ‘ಎಲ್ಲಾ ಒಂದೇ ದಿನಕ್ಕೆ’ ಪ್ಯಾಕೇಜ್ ತಗೊಳ್ಳುವ ಮುಂಚೆ ಇದನ್ನು ಓದಿ

ಅಪ್ಪ ಅಮ್ಮನನ್ನು ಕರೆದುಕೊಂಡು ಜಪಾನಿಗೆ ಹೋಗುವ ಯೋಚನೆ ಇದ್ದರೆ, ಅದರಲ್ಲೂ ಮನೆಯಲ್ಲಿ ಮೀನು ಮಾಂಸ ಮುಟ್ಟದವರಿದ್ದರೆ, ದುಡ್ಡು ಕಟ್ಟುವ ಮುಂಚೆ ದಯವಿಟ್ಟು ಇದನ್ನು ಓದಿ. ನಮಗೆ ಆದದ್ದು ಇನ್ನೊಬ್ಬರ ಅಮ್ಮನಿಗೆ ಆಗಬಾರದು ಅಂತ ಬರೆಯುತ್ತಿದ್ದೇನೆ.

ಕಳೆದ ನವೆಂಬರ್‌ನಲ್ಲಿ ಅಮ್ಮ, ನನ್ನ ಮಗಳು, ನಾನು ಮೂವರೇ ಹೋಗಿದ್ದೆವು. ಅಮ್ಮನಿಗೆ 68 ವರ್ಷ, ಮಂಡಿ ನೋವು ಬೇರೆ. ಮೇಪಲ್ ಎಲೆಗಳು ಕೆಂಪಾಗುವ ಕಾಲ, ಊರ ತುಂಬಾ ಜನ. ನಾಲ್ಕೇ ದಿನ ಇದ್ದದ್ದರಿಂದ ಆನ್‌ಲೈನ್‌ನಲ್ಲಿ ಒಂದು ಪ್ಯಾಕೇಜ್ ಹಿಡಿದೆ. ರೇಷ್ಮೆ ಕಿಮೋನೋ, ಗಿಯೋನ್ ಅನ್ನುವ ಹಳೆಯ ಬಡಾವಣೆಯ ಬೀದಿಗಳಲ್ಲಿ ಫೋಟೋ, ಟೀ ಸೆರೆಮನಿ, ಆಮೇಲೆ ಮೈಕೋ (ಸಾಂಪ್ರದಾಯಿಕ ನೃತ್ಯ, ಸಂಗೀತ ಕಲಿಯುತ್ತಿರುವ ಹುಡುಗಿ) ಜೊತೆ ಸಸ್ಯಾಹಾರಿ ಊಟ. ತಲೆಗೆ 18,000 ಯೆನ್. ಮೂವರಿಗೆ 54,000, ಅಂದರೆ ಸುಮಾರು 31 ಸಾವಿರ ರೂಪಾಯಿ. ‘ನೂರಕ್ಕೆ ನೂರು ಅಸಲಿ ಸಂಪ್ರದಾಯ’ ಅಂತ ಪೇಜಿನ ತುಂಬಾ ಬರೆದಿದ್ದರು.

ಆ ಕಂಪನಿಯ ಹೆಸರು ಹಾಕುವುದಿಲ್ಲ. ಒಂದು ಹೋದರೆ ಅಂಥದ್ದೇ ಇನ್ನೊಂದು ಬರುತ್ತದೆ. ಹೆಸರಿಗಿಂತ, ಇಂಥವರನ್ನು ಗುರುತಿಸುವುದು ಹೇಗೆ ಅನ್ನುವುದು ನಿಮಗೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಬೆಳಗ್ಗೆ ಹತ್ತಕ್ಕೆ ಕಿಯೋಮಿಜು ದೇವಸ್ಥಾನದ ಕೆಳಗಿನ ರಸ್ತೆಯ ಒಂದು ಕಟ್ಟಡದ ಮೂರನೇ ಮಹಡಿಗೆ ಹೋದೆವು. ಆಗಲೇ ಮೂವತ್ತು ಜನ ಕಾಯುತ್ತಿದ್ದರು. ಅಮ್ಮ ಹ್ಯಾಂಗರ್‌ನಲ್ಲಿದ್ದ ಕಿಮೋನೋದ ತೋಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒಂದು ಸಲ ಉಜ್ಜಿದಳು. ‘ಇದು ರೇಷ್ಮೆ ಅಲ್ಲ ಕಣೇ’ ಅಂದಳು, ಅಷ್ಟೇ. ಮೈಸೂರಲ್ಲಿ ಹುಟ್ಟಿ ಬೆಳೆದವಳು, ಜೀವನ ಪೂರ್ತಿ ರೇಷ್ಮೆ ಸೀರೆ ಮಡಿಸಿಟ್ಟವಳು. ಅವಳ ಬೆರಳು ಸುಳ್ಳು ಹೇಳುವುದಿಲ್ಲ. ಪಕ್ಕಾ ಪಾಲಿಯೆಸ್ಟರ್.

ಪಾಲಿಯೆಸ್ಟರ್ ಕೊಡುವುದು ತಪ್ಪಲ್ಲ. ದಿನಾ ಒಗೆಯಬೇಕಲ್ವಾ, ಕಡಿಮೆ ಬಾಡಿಗೆಯ ಅಂಗಡಿಗಳಲ್ಲಿ ಹೆಚ್ಚಾಗಿ ಅದೇ ಇರುತ್ತದೆ. ಆದರೆ ಪೇಜಿನಲ್ಲಿ ‘ನಿಶಿಜಿನ್ ನೇಯ್ಗೆ’ ಅಂತ ಬರೆದಿದ್ದರು. ನಿಶಿಜಿನ್ ಅಂದರೆ ಕ್ಯೋಟೋದ ನೇಕಾರರ ಕೇರಿ. 1467ರಲ್ಲಿ ಶುರುವಾದ ಓನಿನ್ ಯುದ್ಧದಲ್ಲಿ ಪಶ್ಚಿಮದ ಸೈನ್ಯ ಬೀಡು ಬಿಟ್ಟಿದ್ದ ಜಾಗ ಅದು, ಹೆಸರಿನ ಅರ್ಥವೂ ‘ಪಶ್ಚಿಮದ ಪಾಳೆಯ’. ಯುದ್ಧ ಮುಗಿದ ಮೇಲೆ ನೇಕಾರರು ಅಲ್ಲಿ ಮಗ್ಗ ಹೂಡಿದರು. ಅಲ್ಲಿನ ಒಳ್ಳೆಯ ರೇಷ್ಮೆ ಓಬಿ ಒಂದೇ, ಅಂದರೆ ಸೊಂಟಕ್ಕೆ ಸುತ್ತುವ ಅಗಲದ ಪಟ್ಟಿ, ಲಕ್ಷಗಟ್ಟಲೆ ಯೆನ್ ಬಾಳುತ್ತದೆ. ಅದನ್ನು ಟೂರಿಸ್ಟ್ ಪ್ಯಾಕೇಜಿನಲ್ಲಿ ಯಾರೂ ಉಡಿಸಿ ಕಳಿಸುವುದಿಲ್ಲ. ಬುಕ್ ಮಾಡುವಾಗ ನನಗೆ ಇದು ಹೊಳೆಯಬೇಕಿತ್ತು.

ಆಮೇಲೆ ಒಂದೊಂದಾಗಿ ಬಂತು. ಕೂದಲು ಕಟ್ಟಲು 1,500 ಯೆನ್. ಚಳಿಗೆ ಮೇಲಂಗಿ 1,000. ಕಲೆಯಾದರೆ ಅಂತ ಇನ್ಶೂರೆನ್ಸ್ 500. ಮೂವರಿಗೆ 9,000 ಯೆನ್ ಅಲ್ಲೇ ಹೋಯಿತು. ಉಡಿಸಿದ ಹುಡುಗಿಯರಿಗೆ ಒಬ್ಬೊಬ್ಬರಿಗೆ ಆರೇಳು ನಿಮಿಷಕ್ಕಿಂತ ಜಾಸ್ತಿ ಸಮಯ ಇರಲಿಲ್ಲ, ಪಾಪ, ಸಾಲು ಹಾಗಿತ್ತು. ದಾರ ಎಳೆದು ಕಟ್ಟಿ ಕಳಿಸಿದರು.

ಫೋಟೋ ತೆಗೆಯುವವನು ನಮ್ಮನ್ನು ಗಿಯೋನ್‌ಗೆ ಕರೆದುಕೊಂಡು ಹೋದ. ಅಲ್ಲಿ ಹನಮಿಕೋಜಿ ಅನ್ನುವ ದೊಡ್ಡ ಬೀದಿ ಎಲ್ಲರದ್ದು. ಅದರ ಅಕ್ಕಪಕ್ಕದ ಸಣ್ಣ ಓಣಿಗಳು ಅಲ್ಲಿನ ಮನೆಯವರದ್ದು, ಖಾಸಗಿ. ಟೂರಿಸ್ಟ್‌ಗಳು ಮೈಕೋಗಳ ಹಿಂದೆ ಓಡುವುದು, ತೋಳು ಹಿಡಿದು ಎಳೆಯುವುದು ಜಾಸ್ತಿಯಾಗಿ, 2024ರಿಂದ ಆ ಓಣಿಗಳಿಗೆ ಹೊರಗಿನವರು ಬರಬಾರದು, ಬಂದರೆ 10,000 ಯೆನ್ ದಂಡ ಅಂತ ಬೋರ್ಡ್ ಹಾಕಿದ್ದಾರೆ. ನಮ್ಮವನು ಆ ಬೋರ್ಡ್ ದಾಟಿಸಿಯೇ ಒಳಗೆ ನಿಲ್ಲಿಸಿದ. ‘ಎರಡೇ ನಿಮಿಷ’ ಅಂದ. ಮಗಳು ಬೋರ್ಡ್ ಓದಿ ಬೇಡ ಅನ್ನುವಷ್ಟರಲ್ಲಿ ಒಂದು ಮನೆಯ ಬಾಗಿಲು ಸರಿಯಿತು. ವಯಸ್ಸಾದ ಒಬ್ಬರು ಹೊರಗೆ ಬಂದು ನಿಂತರು. ಬೈಯಲಿಲ್ಲ. ಬೋರ್ಡ್ ಕಡೆ ಕೈ ತೋರಿಸಿ ಸುಮ್ಮನೆ ನಿಂತರು. ಅಮ್ಮ ಕೈ ಮುಗಿದು ತಲೆ ಬಗ್ಗಿಸಿದಳು. ಅಮ್ಮ ಹಾಗೆ ನಿಂತದ್ದನ್ನು ನೋಡಿ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅದು ಅವರ ಮನೆ ಅಂಗಳ. ನಮ್ಮ ಮನೆ ಮುಂದೆ ರಂಗೋಲಿ ತುಳಿದು ಯಾರೋ ಫೋಟೋ ತೆಗೆದರೆ ನಾವು ಸುಮ್ಮನಿರುತ್ತೇವಾ?

ಟೀ ಸೆರೆಮನಿಯ ರೂಮು ಇನ್ನೊಂದು ಕಟ್ಟಡದಲ್ಲಿತ್ತು. ಕಾರ್ಪೆಟ್ ಮೇಲೆ ತಟಾಮಿ ಚಾಪೆ ಹಾಸಿ 22 ಜನರನ್ನು ಕೂರಿಸಿದರು. ಅಮ್ಮನಿಗೆ ಕುರ್ಚಿ ಕೇಳಿದೆ. ‘ಸಂಪ್ರದಾಯದಲ್ಲಿ ಕುರ್ಚಿ ಇಲ್ಲ’ ಅಂದರು. ಅಮ್ಮ ಗೋಡೆ ಹಿಡಿದು ಕೂತಳು, ಏಳುವಾಗ ಇಬ್ಬರು ಎತ್ತಬೇಕಾಯಿತು. ಆಮೇಲೆ ಓದಿ ತಿಳಿದುಕೊಂಡಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಮೇಜು ಕುರ್ಚಿಯಲ್ಲಿ ಟೀ ಕೊಡುವ ಪದ್ಧತಿಗೆ ರ್ಯೂರೇಯ್ ಅಂತಾರೆ. 1872ರಲ್ಲಿ ಕ್ಯೋಟೋದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆದಾಗ, ನೆಲದ ಮೇಲೆ ಕೂರಲಾಗದ ವಿದೇಶಿಯರಿಗೆ ಅಂತಲೇ ಟೀ ಪದ್ಧತಿ ಕಲಿಸುವ ಉರಾಸೆಂಕೆ ಮನೆತನದ 11ನೇ ಗುರು ಗೆಂಗೆನ್ಸಾಯ್ ಅದನ್ನು ರೂಪಿಸಿದರು. ನೂರೈವತ್ತು ವರ್ಷದಿಂದ ಇರುವುದು ಈ ಪ್ಯಾಕೇಜಿನವರ ಪಾಲಿಗೆ ಸಂಪ್ರದಾಯವೇ ಅಲ್ಲವಂತೆ.

ಇದನ್ನು ಹೇಳುವುದಕ್ಕೆ ಒಂದು ಕಾರಣ ಇದೆ. ‘ಟೂರಿಸ್ಟ್‌ಗಳಿಗೆ ಅಂತ ಮಾಡಿದ್ದೆಲ್ಲಾ ಮೋಸ’ ಅನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಗಿಯೋನ್‌ನ ಮೈಕೋಗಳು, ಕಲಿಕೆ ಮುಗಿಸಿದ ಗೇಯ್ಕೋಗಳು ಪ್ರತಿ ಏಪ್ರಿಲ್‌ನಲ್ಲಿ ಕುಣಿಯುವ ಮಿಯಾಕೋ ಓಡೋರಿ ಕೂಡ ಅದೇ 1872ರ ಪ್ರದರ್ಶನಕ್ಕೆ ಅಂತ ಶುರುವಾದದ್ದು. ರಾಜಧಾನಿ ಟೋಕಿಯೋಗೆ ಹೋದ ಮೇಲೆ ಬಡವಾದ ಊರು, ಬಂದವರಿಗೆ ತನ್ನಲ್ಲಿದ್ದ ಒಳ್ಳೆಯದನ್ನು ತೋರಿಸಿತು. ನಮಗೆ ಸಿಕ್ಕಿದ್ದು ಆ ಮರ್ಯಾದೆ ಅಲ್ಲ, ಕಾಟಾಚಾರ.

ಟೀ ಕೂಡ ಹಾಗೇ. ಮಾಚಾ ಅನ್ನುವ ಹಸಿರು ಟೀ ಪುಡಿಯನ್ನು ಬಿದಿರಿನ ಕಡ್ಡಿಗಳ ಕುಂಚದಿಂದ ನಮ್ಮ ಕಣ್ಣೆದುರೇ ಕಲಸಿ, ಒಬ್ಬೊಬ್ಬರಿಗೂ ಬೇರೆ ಬೋಗುಣಿಯಲ್ಲಿ ಕೊಡಬೇಕು. ಇಲ್ಲಿ ಎಲೆಕ್ಟ್ರಿಕ್ ಕೆಟಲ್ ಪಕ್ಕದಲ್ಲೇ ಕಲಸಿಟ್ಟ ಜಗ್ ಇತ್ತು. ಬೋಗುಣಿಗೆ ಬಗ್ಗಿಸಿ ಕೊಟ್ಟರು. ನೊರೆ ಇಲ್ಲ, ಪುಡಿ ತಳದಲ್ಲಿ. ಡಿಕಾಕ್ಷನ್ ಈಗಿನದೋ ಬೆಳಗ್ಗೆಯದೋ ಒಂದು ಗುಟುಕಿನಲ್ಲೇ ಹೇಳುವ ಅಮ್ಮ, ಕುಡಿದು ಕೆಳಗಿಟ್ಟು ಏನೂ ಮಾತಾಡಲಿಲ್ಲ. ಎಲ್ಲಾ ಸೇರಿ 25 ನಿಮಿಷ, ಅದರಲ್ಲಿ ಹತ್ತು ನಿಮಿಷ ಫೋಟೋ.

ಊಟಕ್ಕೆ ಬಂದ ‘ಮೈಕೋ’ ಎರಡು ಹಾಡಿಗೆ ಕುಣಿದಳು. ತಲೆಯ ಮೇಲಿದ್ದದ್ದು ಅವಳ ಸ್ವಂತ ಕೂದಲಲ್ಲ. ವಿಗ್ ಅದು. ನಿಜವಾದ ಮೈಕೋ ತನ್ನ ಸ್ವಂತ ಕೂದಲನ್ನೇ ಕಟ್ಟುತ್ತಾಳೆ, ಆ ಕಟ್ಟು ಕೆಡದಿರಲಿ ಅಂತ ಎತ್ತರದ ದಿಂಬಿನ ಮೇಲೆ ಮಲಗುತ್ತಾಳೆ. ಕಲಿಕೆ ಮುಗಿಸಿ ಗೇಯ್ಕೋ ಆದ ಮೇಲಷ್ಟೇ ವಿಗ್. ಮೈಕೋ ಬೆನ್ನಿಗೆ ಓಬಿ ಪಾದದ ಹತ್ತಿರದವರೆಗೂ ಇಳಿಬಿದ್ದಿರುತ್ತದೆ, ತುದಿಯಲ್ಲಿ ಅವಳ ಮನೆಯ ಗುರುತು ಇರುತ್ತದೆ. ಇವಳದ್ದು ಸೊಂಟದ ಹತ್ತಿರ ಗಂಟು. ಮಗಳು ಸುಮ್ನೆ ಕುತೂಹಲಕ್ಕೆ ‘ನೃತ್ಯ ಎಲ್ಲಿ ಕಲಿತಿರಿ’ ಅಂತ ಕೇಳಿದಳು. ಆ ಹುಡುಗಿ ಸಣ್ಣ ದನಿಯಲ್ಲಿ, ತಾನು ಕಾಲೇಜಿನವಳು, ಶನಿವಾರ ಭಾನುವಾರ ಕೆಲಸಕ್ಕೆ ಬರುತ್ತೇನೆ ಅಂದಳು. ನಿಜ ಹೇಳಿದ್ದು ಆ ಇಡೀ ದಿನದಲ್ಲಿ ಅವಳೊಬ್ಬಳೇ. ಅವಳ ಮೇಲೆ ನಮಗೆ ಏನೂ ಕೋಪ ಇಲ್ಲ.

ಇನ್ನು ಊಟ. ಇದನ್ನು ಬರೆಯಲು ಈಗಲೂ ಕಷ್ಟ ಆಗುತ್ತದೆ.

ಬುಕ್ ಮಾಡುವಾಗ, ಹಿಂದಿನ ದಿನ, ಅಲ್ಲಿ ಕೂತ ಮೇಲೆ, ಹೀಗೆ ಮೂರು ಸಲ ಹೇಳಿದ್ದೆ. ಮಾಂಸ ಇಲ್ಲ, ಮೀನು ಇಲ್ಲ, ಮೊಟ್ಟೆ ಇಲ್ಲ. ‘ವೆಜಿಟೇರಿಯನ್, ಓಕೆ’ ಅಂದರು. ಸೂಪು, ಅನ್ನ, ಬಿಸಿ ತೋಫು, ಸೊಪ್ಪು ಬಂತು. ಅಮ್ಮನಿಗೆ ಹಸಿವಾಗಿತ್ತು, ಸೂಪು ಅರ್ಧ ಕುಡಿದಳು. ತೋಫು ಮೇಲೆ ತೆಳ್ಳಗೆ, ಮರದ ಹೆರೆತದ ಹಾಗೆ ಕಂದು ಚೂರುಗಳಿದ್ದವು. ಬಿಸಿಗೆ ಅವು ಅಲ್ಲಾಡುತ್ತಿದ್ದವು. ‘ಇದೇನು ಪುಟ್ಟಿ, ಜೀವ ಇರೋ ಹಾಗೆ ಆಡ್ತಿದೆ?’ ಅಂತ ಮೊಮ್ಮಗಳನ್ನು ಕೇಳಿದಳು. ಮಗಳು ಫೋನ್ ತೆಗೆದು ನೋಡಿದಳು, ನನ್ನ ಮುಖ ನೋಡಿದಳು. ಕತ್ಸುವೊಬುಶಿ. ಒಣಗಿಸಿ ಹೊಗೆ ಹಾಕಿದ ಮೀನನ್ನು ಹೆರೆದದ್ದು. ಸೂಪಿನ ರಸವೂ ಅದರದ್ದೇ.

ಅಮ್ಮ ಬಟ್ಟಲು ಕೆಳಗಿಟ್ಟು ಎದ್ದು ಹೋಗಿ ಬಾಯಿ ಮುಕ್ಕಳಿಸಿದಳು. ಸಂಜೆವರೆಗೂ ನೀರು ಬಿಟ್ಟು ಏನೂ ಮುಟ್ಟಲಿಲ್ಲ. ರಾತ್ರಿ ರೂಮಿನಲ್ಲಿ ತಲೆಗೆ ಸ್ನಾನ ಮಾಡಿ ಬಂದು ತುಂಬಾ ಹೊತ್ತು ಕಣ್ಣು ಮುಚ್ಚಿ ಕೂತಿದ್ದಳು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಕೇಳಿದ್ದಕ್ಕೆ ಅವರು ಹೇಳಿದ್ದು, ‘ಮಾಂಸ ಹಾಕಿಲ್ಲವಲ್ಲ’ ಅಂತ. ಇದು ನೆನಪಿರಲಿ: ಜಪಾನಿನ ಅಡುಗೆಗೆ ಬುನಾದಿ ದಾಶಿ ಅನ್ನುವ ರಸ. ನಮ್ಮ ಸಾರಿಗೆ ಬೇಳೆಕಟ್ಟು ಇದ್ದ ಹಾಗೆ. ಹೆಚ್ಚಿನ ಕಡೆ ಅದಕ್ಕೆ ಈ ಮೀನು ಬೀಳುತ್ತದೆ. ಕಣ್ಣಿಗೆ ಮೀನಿನ ತುಂಡು ಕಾಣದೇ ಇದ್ದರೆ ‘ವೆಜ್’ ಅನ್ನುವವರು ಬೇಕಾದಷ್ಟು ಜನ. ಅವರೆಲ್ಲ ಬೇಕಂತ ಸುಳ್ಳು ಹೇಳುತ್ತಾರೆ ಅಂತಲ್ಲ, ಅವರಿಗೆ ಅದು ಉಪ್ಪಿನ ಹಾಗೆ. ಆದರೆ ಭಾರತದವರಿಗೆ ಅಂತಲೇ ಜಾಹೀರಾತು ಹಾಕಿ ದುಡ್ಡು ತಗೊಂಡವರಿಗೆ ಇದು ಗೊತ್ತಿರಬೇಕು.

ಮಧ್ಯಾಹ್ನ ಬಸ್ ಸ್ಟಾಪಿಗೆ ಬರುವಷ್ಟರಲ್ಲಿ ಅಮ್ಮನ ಕಿಮೋನೋ ಸಡಿಲವಾಗಿತ್ತು. ಟಾಯ್ಲೆಟ್‌ನಲ್ಲಿ ನಾನೇ ಬಿಚ್ಚಿ ಸುತ್ತಿದ್ದೆ. ಅಲ್ಲಿ ನಿಂತಿದ್ದ ಒಬ್ಬ ಅಜ್ಜಿ ಅಮ್ಮನನ್ನು ನೋಡಿದವರೇ ಗಾಬರಿಯಾಗಿ ಹತ್ತಿರ ಬಂದರು. ಕೈಯಿಂದ ಎದೆಯ ಮೇಲಿನ ಸೆರಗಿನ ಹಾಗಿರುವ ಭಾಗ ತೋರಿಸಿ ‘ಇಲ್ಲ ಇಲ್ಲ’ ಅನ್ನುವಂತೆ ತಲೆ ಆಡಿಸಿದರು. ಎಡಗಡೆಯದು ಯಾವಾಗಲೂ ಮೇಲೆ ಬರಬೇಕು. ಬಲಗಡೆಯದು ಮೇಲೆ ಬರುವಂತೆ ಉಡಿಸುವುದು ಹೆಣಕ್ಕೆ. ನನಗೆ ಯಾರೂ ಹೇಳಿರಲಿಲ್ಲ. ಆ ಅಜ್ಜಿ ತಮ್ಮ ಚೀಲ ನೆಲಕ್ಕಿಟ್ಟು, ಬಸ್ಸು ಬಂದರೂ ಹತ್ತದೆ, ಅಮ್ಮನ ಸುತ್ತ ಎರಡು ಸಲ ಸುತ್ತಿ, ದಾರ ಬಿಗಿದು, ಕೊನೆಗೆ ಬೆನ್ನಿನ ಮೇಲೆ ಮೆಲ್ಲಗೆ ಎರಡು ಸಲ ತಟ್ಟಿದರು. ಅಮ್ಮ ಅವತ್ತು ನಕ್ಕದ್ದು ಆಗ ಮಾತ್ರ.

ಬಟ್ಟೆ ವಾಪಸ್ ಕೊಡಲು ಐದು ಗಂಟೆಗೆ ಹೇಳಿದ್ದರು. ಟ್ರಾಫಿಕ್‌ನಲ್ಲಿ ಬಸ್ಸು ಸಿಕ್ಕಿಕೊಂಡು 5.20 ಆಯಿತು. ತಲೆಗೆ 1,500 ಯೆನ್ ಲೇಟ್ ಫೀಸ್. ಅಲ್ಲಿಗೆ ಒಟ್ಟು 67,500 ಯೆನ್. ದುಡ್ಡು ವಾಪಸ್ ಕೇಳಿ ಬರೆದ ಮೇಲ್‌ಗೆ ಇವತ್ತಿಗೂ ಉತ್ತರ ಇಲ್ಲ.

ಎರಡು ದಿನ ಬಿಟ್ಟು ರೈಲಿನಲ್ಲಿ ಉಜಿಗೆ ಹೋದೆವು. ಕ್ಯೋಟೋ ಸ್ಟೇಷನ್ನಿಂದ ಅರ್ಧ ಗಂಟೆಯ ದಾರಿ, ಟೀಗೆ ಹೆಸರಾದ ಊರು. ಅಲ್ಲಿ 1053ರ ಬ್ಯೋದೋ-ಇನ್ ಮಂದಿರ ಇದೆ, 10 ಯೆನ್ ನಾಣ್ಯದ ಮೇಲೆ ಇರುವುದು ಅದೇ. ಅದರ ಪಕ್ಕ ಹೊಳೆ ದಂಡೆಯಲ್ಲಿ ಊರಿನ ಆಡಳಿತದವರೇ ನಡೆಸುವ ತೈಹೋ-ಆನ್ ಅನ್ನುವ ಟೀ ಮನೆ. ಪ್ಯಾಕೇಜಿಗೆ ನಾವು ಕೊಟ್ಟ ದುಡ್ಡಿನ ಮುಂದೆ ಅಲ್ಲಿ ಕೊಟ್ಟ ದುಡ್ಡು ಏನೂ ಅಲ್ಲ. ನಾವು ಕೂತಾಗ ಒಟ್ಟು ಐದೇ ಜನ. ಟೀ ಮಾಡಿದ ಹೆಂಗಸು ನೆಲದಲ್ಲಿ ಕೊರೆದ ಒಲೆಯ ಮೇಲಿನ ಕಬ್ಬಿಣದ ಪಾತ್ರೆ ತೋರಿಸಿದರು. ನವೆಂಬರ್‌ನಲ್ಲಿ ಈ ಒಲೆ ತೆರೆಯುತ್ತಾರಂತೆ, ಟೀ ಮಾಡುವವರಿಗೆ ಅದು ಹೊಸ ವರ್ಷ ಇದ್ದ ಹಾಗೆ. ನಮಗೆ ಅದೇ ನವೆಂಬರ್‌ನಲ್ಲಿ ಕೆಟಲ್ ತೋರಿಸಿದ್ದರು. ಅಮ್ಮ ಬೋಗುಣಿ ಎರಡೂ ಕೈಯಲ್ಲಿ ಹಿಡಿದು ಪೂರ್ತಿ ಕುಡಿದಳು. ‘ಕಹಿ ಇದೆ, ಆದ್ರೆ ಚೆನ್ನಾಗಿದೆ’ ಅಂದಳು.

ಈಗ ನೀವು ಮಾಡಬೇಕಾದ್ದು. ಎಲ್ಲಾ ಸೇರಿಸಿದ ಪ್ಯಾಕೇಜ್ ತಗೊಳ್ಳಲೇಬೇಡಿ. ಕಿಮೋನೋ ಬೇರೆ, ಟೀ ಬೇರೆ, ಊಟ ಬೇರೆ ದಿನ ಇಟ್ಟುಕೊಳ್ಳಿ. ಟೀಗೆ ಎಷ್ಟು ಜನ ಕೂರುತ್ತಾರೆ, ಕುರ್ಚಿ ಇದೆಯಾ, ಕಣ್ಣೆದುರೇ ಕಲಸುತ್ತಾರಾ ಅಂತ ಮೇಲ್‌ನಲ್ಲಿ ಕೇಳಿ. ಬರಹದಲ್ಲಿ ಉತ್ತರ ಬರದಿದ್ದರೆ ಬಿಟ್ಟುಬಿಡಿ. ಕಿಮೋನೋ ಉಟ್ಟ ಕೂಡಲೇ ಕಲೆ ಇದ್ದರೆ ಅಂಗಡಿಯಲ್ಲೇ ಫೋಟೋ ತೆಗೆದಿಟ್ಟುಕೊಳ್ಳಿ. ಮೈಕೋ ನೃತ್ಯ ನೋಡಬೇಕಾ, ಏಪ್ರಿಲ್‌ನಲ್ಲಿ ಹೋಗುವುದಾದರೆ ಮಿಯಾಕೋ ಓಡೋರಿಗೆ ಟಿಕೆಟ್ ತಗೊಳ್ಳಿ, ಬೇರೆ ಕಾಲದಲ್ಲಾದರೆ ಗಿಯೋನ್‌ನ ಯಸಾಕಾ ಹಾಲ್‌ನಲ್ಲಿರುವ ಗಿಯೋನ್ ಕಾರ್ನರ್ ಇದೆ.

ಇನ್ನೊಂದು. ಜಪಾನಿನಲ್ಲಿ ಆನ್‌ಲೈನ್‌ನಲ್ಲಿ ಮಾರುವವರು ತಮ್ಮ ಹೆಸರು, ವಿಳಾಸ, ಫೋನ್ ನಂಬರ್ ಸೈಟಿನಲ್ಲಿ ತೋರಿಸಬೇಕು ಅಂತ ಕಾನೂನೇ ಇದೆ. ‘ತೊಕುತೇಯ್ ಶೋತೊರಿಹಿಕಿ ಹೋ’ ಅಂತ ಅದರ ಹೆಸರು, ಸೈಟಿನ ಕೆಳಗಡೆ ಆ ಪುಟದ ಲಿಂಕ್ ಇರುತ್ತದೆ. ನಾವು ಬುಕ್ ಮಾಡಿದ ಕಡೆ ಅದು ಇರಲೇ ಇಲ್ಲ. ಆನ್‌ಲೈನ್‌ನಲ್ಲಿ ಬುಕ್ ಮಾಡಿದ ಇಂಥ ಸೇವೆಯನ್ನು ಮನಸ್ಸು ಬದಲಾಯಿತು ಅಂತ ರದ್ದು ಮಾಡುವ ಹಕ್ಕನ್ನು ಆ ಕಾನೂನು ಕೊಡುವುದಿಲ್ಲ, ಹಾಗಾಗಿ ರದ್ದತಿ ನಿಯಮ ಮೊದಲೇ ಓದಿ. ತೊಂದರೆಯಾದರೆ ಜಪಾನಿನ ರಾಷ್ಟ್ರೀಯ ಗ್ರಾಹಕ ಕೇಂದ್ರದವರು ವಿದೇಶಿ ಪ್ರವಾಸಿಗರಿಗೆ ಅಂತ ಹಾಟ್‌ಲೈನ್ ಇಟ್ಟಿದ್ದಾರೆ, ಇಂಗ್ಲಿಷ್ ನಡೆಯುತ್ತದೆ. ಅಲ್ಲಿ ಇರುವಾಗಲೇ ಫೋನ್ ಮಾಡಿ, ನಮ್ಮ ಹಾಗೆ ಊರಿಗೆ ಬಂದ ಮೇಲೆ ಹುಡುಕಬೇಡಿ.

ಊಟಕ್ಕೆ ‘ವೆಜಿಟೇರಿಯನ್’ ಅನ್ನುವ ಮಾತು ಸಾಲದು. ‘ಶೋಜಿನ್ ರ್ಯೋರಿ’ ಹುಡುಕಿ, ಬೌದ್ಧ ಸನ್ಯಾಸಿಗಳ ಅಡುಗೆ ಅದು. ಮೀನಿನ ಬದಲು ಕೊಂಬು ಅನ್ನುವ ಸಮುದ್ರದ ಪಾಚಿ, ಒಣ ಅಣಬೆಯಿಂದ ರಸ ತೆಗೆಯುತ್ತಾರೆ. ಪದ್ಧತಿಯ ಪ್ರಕಾರ ಈರುಳ್ಳಿ ಬೆಳ್ಳುಳ್ಳಿಯೂ ಹಾಕುವುದಿಲ್ಲ. ಅರಾಶಿಯಾಮಾದ ತೆನ್‌ರ್ಯೂಜಿ ದೇವಸ್ಥಾನದ ಒಳಗೆ ಶಿಗೆತ್ಸು ಅಂತ ಇದೆ, ಕೊನೆಯ ದಿನ ಅಮ್ಮ ಹೊಟ್ಟೆ ತುಂಬಾ ಉಂಡದ್ದು ಅಲ್ಲೇ. ಬೇರೆ ಎಲ್ಲೇ ಕೂತರೂ ಈ ಒಂದು ವಾಕ್ಯ ಬಾಯಿಪಾಠ ಮಾಡಿಕೊಳ್ಳಿ: ‘ಕತ್ಸುವೊ ದಾಶಿ ಹೈತ್ತೆ ಇಮಸ್ ಕಾ?’ ಕತ್ಸುವೊ ಮೀನಿನ ರಸ ಹಾಕಿದ್ದೀರಾ ಅಂತ ಅದರ ಅರ್ಥ. ‘ಹೈ’ ಅಂದರೆ ಹಾಕಿದ್ದಾರೆ. ಆ ತಟ್ಟೆ ಮುಟ್ಟಬೇಡಿ.