ಬರ್ಸರ್ಕ್, ಗಾಂಟ್ಸ್, ವಿನ್‌ಲ್ಯಾಂಡ್ ಸಾಗಾ: ರಕ್ತಾನೂ ಬೆತ್ತಲೇನೂ ಯಾರು ಹೆಂಗೆ ತೋರಿಸ್ತಾರೆ

ದೊಡ್ಡವರ ಮಾಂಗಾ, ಅಂದ್ರೆ ಜಪಾನಿ ಕಾಮಿಕ್ಸ್, ಯಾವ್ದರಿಂದ ಶುರು ಮಾಡ್ಲಿ ಅಂತ ಕೇಳಿದ್ರೆ ಈ ಮೂರರಲ್ಲಿ ಒಂದು ಹೆಸರು ಬಂದೇ ಬರುತ್ತೆ, ಆದ್ರೆ ಒಳಗಡೆ ಏನಿದೆ ಅಂತ ಯಾರೂ ಬಾಯಿ ಬಿಟ್ಟು ಹೇಳಲ್ಲ, "ಸ್ವಲ್ಪ ಡಾರ್ಕ್ ಇದೆ ಗುರು" ಅಂದು ಸುಮ್ನಾಗ್ತಾರೆ. ನಾನು ಮೂರನ್ನೂ ಇಂಗ್ಲಿಷ್ ಆವೃತ್ತಿಲಿ ಓದಿದೀನಿ, ಅದಕ್ಕೇ ಬರೀತಿದೀನಿ. ಹದಿನೆಂಟು ತುಂಬ್ದೇ ಇರೋರಿಗೆ ಇದಲ್ಲ. ಕಥೆ ಮುಂದೆ ಏನಾಗುತ್ತೆ ಅನ್ನೋದೂ ಬರುತ್ತೆ, ಬೇಡ ಅನ್ನೋರು ಇಲ್ಲೇ ನಿಲ್ಸಿ.

ಮೊದ್ಲು ಗಾಂಟ್ಸ್. ಹಿರೋಯಾ ಓಕು ಬರೆದಿದ್ದು, 2000ದಿಂದ 2013ರ ತನಕ ವೀಕ್ಲಿ ಯಂಗ್ ಜಂಪ್ ಅನ್ನೋ ಜಪಾನಿ ವಾರಪತ್ರಿಕೇಲಿ ಬಂತು, 37 ಸಂಪುಟ. ಸತ್ತೋರು ಟೋಕಿಯೋದ ಒಂದು ಅಪಾರ್ಟ್‌ಮೆಂಟ್ ರೂಮಲ್ಲಿ ಕಣ್ಣು ಬಿಡ್ತಾರೆ, ಅಲ್ಲಿರೋ ದೊಡ್ಡ ಕಪ್ಪು ಗೋಳ ಗನ್ ಕೊಟ್ಟು ಏಲಿಯನ್ ಬೇಟೆಗೆ ಕಳ್ಸುತ್ತೆ. ಆ ಗನ್ ಹೊಡೆದ ತಕ್ಷಣ ಏನೂ ಆಗಲ್ಲ, ಸ್ವಲ್ಪ ಹೊತ್ತು ಬಿಟ್ಟು ತಲೆ ಸಿಡಿಯುತ್ತೆ, ಆ ಗ್ಯಾಪ್‌ನಲ್ಲಿ ಇರೋ ಭಯ ಇದೆಯಲ್ಲ ಅದು ಸೂಪರ್, ಇದನ್ನ ಓಕು ಬಿಟ್ರೆ ಯಾರೂ ಇಷ್ಟು ಚೆನ್ನಾಗಿ ಮಾಡಿಲ್ಲ ಅನ್ಸುತ್ತೆ. ಆದ್ರೆ ಬೇಟೆ ಮುಗಿಯೋವರೆಗೂ ಉಸಿರು ಹಿಡ್ಕೊಂಡಿದ್ರೆ ಸಾಕು, ಕೈ ಕಾಲು ಹೋಗಿದ್ರೂ ರೂಮಿಗೆ ವಾಪಸ್ ಬರೋವಾಗ ಎಲ್ಲಾ ಸರಿ ಹೋಗಿರುತ್ತೆ, ಬೇಟೇಲಿ ಸಿಗೋ ಪಾಯಿಂಟ್ ನೂರಾದ್ರೆ ಸತ್ತೋರನ್ನೂ ಎಬ್ಬಿಸಬಹುದು. ಹಿಂಗಾಗಿ ಅರ್ಧ ಕಥೆ ದಾಟೋ ಹೊತ್ತಿಗೆ ಯಾರ ಹೊಟ್ಟೆ ಹರಿದ್ರೂ ನಂಗೆ ಏನೂ ಅನ್ನಿಸ್ತಿರಲಿಲ್ಲ. ಬೆತ್ತಲೆನೂ ಅಷ್ಟೇ, ಅಧ್ಯಾಯದ ಶುರುನಲ್ಲಿ ಕಥೆಗೆ ಸಂಬಂಧನೇ ಇಲ್ದಿರೋ ಪಿನಪ್ ಚಿತ್ರ. ಅದು ಪತ್ರಿಕೆ ಗುಣ ಬಿಡಿ, ಯಂಗ್ ಜಂಪ್ ಮುಖಪುಟದಲ್ಲೇ ಬಿಕಿನಿ ಮಾಡೆಲ್ ಇರ್ತಾರೆ.

ಬರ್ಸರ್ಕ್ ಬಗ್ಗೆ ಜಾಸ್ತಿ ಹೇಳ್ಬೇಕು. ಕೆಂಟಾರೋ ಮಿಯುರಾ 1989ರಲ್ಲಿ ಶುರು ಮಾಡಿದ್ರು, 2021ರಲ್ಲಿ ತೀರ್ಕೊಂಡ್ರು, ಮಾರನೇ ವರ್ಷದಿಂದ ಅವರ ಗೆಳೆಯ ಕೌಜಿ ಮೋರಿ ನೋಡ್ಕೋತಿದಾರೆ. ಇಲ್ಲಿ ಹೋದ ಕೈ ಹೋಯ್ತು. ಕಥಾನಾಯಕ ಗಟ್ಸ್‌ಗೆ ಎಡಗೈ ಇಲ್ಲ, ಬಲಗಣ್ಣು ಇಲ್ಲ, ಇಲ್ಲೀ ತನಕ ಹಂಗೇ. ಎಕ್ಲಿಪ್ಸ್ ಅನ್ನೋ ಭಾಗದಲ್ಲಿ ಅವನು ಪ್ರೀತಿಸೋ ಕಾಸ್ಕಾ ಮೇಲೆ ಆಗೋ ಅತ್ಯಾಚಾರ ಓದೋಕೆ ತುಂಬಾ ಕಷ್ಟ, ಮತ್ತೆ ನನ್ ಪ್ರಕಾರ ಮಿಯುರಾ ಅಲ್ಲಿ ಬೇಕಾಗಿದ್ದಕ್ಕಿಂತ ಜಾಸ್ತಿ ಪುಟ ಖರ್ಚು ಮಾಡಿದಾರೆ, ಅವಳ ನೋವಿಗಿಂತ ಅವಳ ಮೈ ಮೇಲೆ ಕಣ್ಣು ನಿಲ್ಲೋ ಫ್ರೇಮ್‌ಗಳಿವೆ, ಅದನ್ನ ಮಾಸ್ಟರ್‌ಪೀಸ್ ಅಂತ ಹೇಳಿ ಮುಚ್ಚಿಹಾಕೋಕಾಗಲ್ಲ. ಆದ್ರೆ ಆಮೇಲೆ? ಅವಳ ಬುದ್ಧಿನೇ ಕಳೆದುಹೋಗುತ್ತೆ, ಅದು ವಾಪಸ್ ಬರೋಕೆ ಜಪಾನಿನ ಓದುಗರು ಎರಡು ದಶಕ ಕಾದ್ರು, ವಾಪಸ್ ಬಂದ್ಮೇಲೂ ಗಟ್ಸ್ ಮುಖ ನೋಡಿದ್ರೆ ಅವಳಿಗೆ ಹಳೇದೆಲ್ಲಾ ಒಮ್ಮೆಲೇ ಮೈಮೇಲೆ ಬೀಳುತ್ತೆ. ಆಗಿದ್ದನ್ನ ಕಥೆ ಒಂದು ಪುಟಾನೂ ಮರೆಯಲ್ಲ. ಬೇಜಾರಾಗೋದು ಬೇರೆ ಕಡೆ, ಮುಂದೆ ಟ್ರೋಲ್ ಅನ್ನೋ ರಾಕ್ಷಸರು ಬಂದಾಗ ಮತ್ತೆ ಅದೇ ಥರ ದೃಶ್ಯ, ರಾಕ್ಷಸರು ಕೆಟ್ಟೋರು ಅಂತ ತೋರಿಸೋಕೆ ಪ್ರತಿ ಸಲ ಅದೇ ಯಾಕ್ ಬೇಕು?

ವಿನ್‌ಲ್ಯಾಂಡ್ ಸಾಗಾ, ಮಕೋಟೋ ಯುಕಿಮುರಾ, 2005ರಿಂದ 2025. ಹನ್ನೊಂದನೇ ಶತಮಾನದ ವೈಕಿಂಗ್‌ಗಳು, ತಲೆ ಉರುಳೋದು ಇಲ್ಲೂ ಬೇಕಾದಷ್ಟಿದೆ. ಆಸ್ಕೆಲಾಡ್ ಅನ್ನೋ ನಾಯಕನ ಗುಂಪು ಚಳಿಗಾಲದ ಊಟಕ್ಕೋಸ್ಕರ ಒಂದು ಊರನ್ನೇ ಕೊಂದು ಹಾಕುತ್ತೆ, ಯುಕಿಮುರಾ ಅದನ್ನ ಏನೂ ಅಬ್ಬರ ಇಲ್ದೇ ಬರೀತಾರೆ, ನಂಗೆ ಗಾಂಟ್ಸ್‌ನ ಯಾವ ಸ್ಫೋಟಕ್ಕಿಂತಲೂ ಅದೇ ಜಾಸ್ತಿ ಕಾಡಿದ್ದು. ಲೈಂಗಿಕ ದೃಶ್ಯ ಹೆಚ್ಚುಕಮ್ಮಿ ಇಲ್ಲ. ಆರ್ನ್‌ಹೇಡ್ ಅನ್ನೋ ಜೀತದ ಹೆಣ್ಣನ್ನ ಯಜಮಾನ ಇಟ್ಕೊಂಡಿರ್ತಾನೆ, ಹಾಸಿಗೆ ತೋರಿಸಲ್ಲ, ಆದ್ರೆ ಅವಳಿಗೆ ಬೇಡ ಅನ್ನೋ ಸ್ವಾತಂತ್ರ್ಯ ಇಲ್ಲ ಅನ್ನೋದು ಪ್ರತಿ ಮಾತಲ್ಲೂ ಗೊತ್ತಾಗುತ್ತೆ, ಕೊನೆಗೆ ಅದೇ ಯಜಮಾನ ಹೊಡೆದ ಏಟಿಗೆ ಸಾಯ್ತಾಳೆ. ಕಥಾನಾಯಕ ತೋರ್ಫಿನ್ ಕೊಂದೋರೆಲ್ಲಾ ಅವನ ಕನಸಲ್ಲಿ ಬಂದು ಕಾಲು ಹಿಡಿದು ಎಳೀತಾರೆ.

ಒಂದು ವಿಚಿತ್ರ ಏನಂದ್ರೆ ಜಪಾನಿನ ದಂಡ ಸಂಹಿತೆ ಕಲಂ 175, 1907ರ ಕಾನೂನದು, ಅಶ್ಲೀಲ ಚಿತ್ರ ಮಾರೋದನ್ನ ತಡೆಯುತ್ತೆ, ಅದಕ್ಕೇ ಅಲ್ಲಿ ಜನನಾಂಗಕ್ಕೆ ಮೊಸಾಯಿಕ್ ಇಲ್ಲಾ ಕಪ್ಪು ಪಟ್ಟಿ ಹಾಕ್ತಾರೆ, ಆದ್ರೆ ಕರುಳು ಹೊರಗೆ ಬಿದ್ರೆ ಪಟ್ಟಿ ಗಿಟ್ಟಿ ಏನೂ ಇಲ್ಲ. ಇಂಗ್ಲಿಷ್ ಆವೃತ್ತಿ ಪ್ರಕಾಶಕರಾದ ಡಾರ್ಕ್ ಹಾರ್ಸ್‌ನೋರು ಬರ್ಸರ್ಕ್ ಬಿಡಿ ಸಂಪುಟಗಳನ್ನ ಪ್ಲಾಸ್ಟಿಕ್ ಸುತ್ತಿ, ಪೇರೆಂಟಲ್ ಅಡ್ವೈಸರಿ ಅಂತ ಬರೆದು ಮಾರ್ತಿದ್ರು, ಅದೇ ವಾಸಿ.

ನನ್ನ ಆರ್ಡರ್: ವಿನ್‌ಲ್ಯಾಂಡ್ ಮೊದ್ಲು, ಆಮೇಲೆ ಬರ್ಸರ್ಕ್. ಅತ್ಯಾಚಾರದ ದೃಶ್ಯ ನೋಡೋಕೇ ಆಗಲ್ಲ ಅನ್ನೋರು ಬರ್ಸರ್ಕ್ ಮುಟ್ಟಲೇಬೇಡಿ, ಎಕ್ಲಿಪ್ಸ್ ಬಿಟ್ಟು ಓದಿದ್ರೆ ಮುಂದಿನ ಕಥೆ ಅರ್ಥ ಆಗಲ್ಲ. ಬರ್ಸರ್ಕ್ ಡಿಲಕ್ಸ್ ಎಡಿಷನ್ ತಗೊಂಡ್ರೆ ಮೂರು ಸಂಪುಟ ಒಂದರಲ್ಲೇ ಬರುತ್ತೆ, ಚಿತ್ರ ದೊಡ್ಡದಾಗಿ ಕಾಣುತ್ತೆ, ಮಲ್ಕೊಂಡು ಓದೋಕಾಗದಷ್ಟು ಭಾರ. ಗಾಂಟ್ಸ್ ಪೂರ್ತಿ ಬೇಡ, ಒಸಾಕಾ ಬೇಟೆ ಮುಗಿಯೋವರೆಗೂ ಓದಿ ಸಾಕು, ಆಮೇಲಿಂದು ಎಳೆದಾಟ.