ಸಾಲದ ಜೊತೆ ಬರುವ ‘ಲೋನ್ ಇನ್ಶೂರೆನ್ಸ್’: ಬೆಲೆಗೆ ತಕ್ಕುದೇ? ಬೇಡವಾದರೆ ಹಣ ವಾಪಸ್ ಹೇಗೆ?

ಹೋಮ್ ಲೋನ್ ಇರಲಿ, ಪರ್ಸನಲ್ ಲೋನ್ ಇರಲಿ, ಮಂಜೂರಾದ ಮೇಲೆ ಕೊನೇ ಗಳಿಗೆಯಲ್ಲಿ ಫೈಲಿಗೆ ಒಂದು ಜೀವವಿಮೆ ಸೇರಿಕೊಳ್ಳುತ್ತದೆ. ಲೋನ್ ಪ್ರೊಟೆಕ್ಷನ್, ಲೋನ್ ಇನ್ಶೂರೆನ್ಸ್ ಎಂದು ಒಂದೊಂದು ಕಡೆ ಒಂದೊಂದು ಹೆಸರು. ಹೆಚ್ಚಿನ ಕಡೆ ಒಳಗಿರುವುದು ಒಂದೇ ಸರಕು: ಪೂರ್ತಿ ಪ್ರೀಮಿಯಂ ಒಂದೇ ಸಲಕ್ಕೆ ಕಟ್ಟಿಸಿಕೊಳ್ಳುವ ಗ್ರೂಪ್ ಕ್ರೆಡಿಟ್ ಲೈಫ್ ಪಾಲಿಸಿ, ಅಂದರೆ ಸಾಲಗಾರ ತೀರಿಕೊಂಡರೆ ಬಾಕಿ ಸಾಲಕ್ಕೆ ಹಣ ಕೊಡುವ, ಬ್ಯಾಂಕು ತನ್ನ ಸಾಲಗಾರರಿಗೆಲ್ಲ ಒಟ್ಟಾಗಿ ಮಾಡಿಸುವ ವಿಮೆ. ಆರೋಗ್ಯವಾಗಿರುವ, ನಲವತ್ತರ ಒಳಗಿನ ಸಾಲಗಾರರಿಗೆ ಇದು ದುಬಾರಿ ಮತ್ತು ಅನಗತ್ಯ. ಬೇರೆಡೆ ಟರ್ಮ್ ಪಾಲಿಸಿ (ಅವಧಿಯೊಳಗೆ ತೀರಿಕೊಂಡರೆ ಮಾತ್ರ ಹಣ ಕೊಡುವ ಸರಳ ಜೀವವಿಮೆ) ಸಿಗದವರಿಗೆ ಮಾತ್ರ ಪರಿಗಣಿಸುವಂಥದ್ದು.

ಲೆಕ್ಕ ನೋಡಿ. 40 ಲಕ್ಷದ ಗೃಹಸಾಲಕ್ಕೆ 1.2 ಲಕ್ಷ ರೂಪಾಯಿ ಪ್ರೀಮಿಯಂ ಎಂದುಕೊಳ್ಳೋಣ. ಆ ಹಣವನ್ನು ಕೈಯಿಂದ ಕೇಳುವುದಿಲ್ಲ, ಸಾಲಕ್ಕೇ ಸೇರಿಸುತ್ತಾರೆ. ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ಪ್ರೀಮಿಯಂನ ಪಾಲೇ ತಿಂಗಳಿಗೆ ಸುಮಾರು 1,041 ರೂ. ಕಂತು. ಕೊನೆಗೆ ಕಟ್ಟಿದ್ದು ಸುಮಾರು 2.5 ಲಕ್ಷ. ಪರ್ಸನಲ್ ಲೋನಿನಲ್ಲೂ ಇದೇ ಕಥೆ: ಶೇ 14ರ ಬಡ್ಡಿಗೆ 5 ವರ್ಷದ ಸಾಲದಲ್ಲಿ 15,000 ರೂ. ಪ್ರೀಮಿಯಂ ಸುಮಾರು 20,940 ಆಗುತ್ತದೆ. ಪ್ರೀಮಿಯಂ ಹೀಗೆ ಕಂತಿನೊಳಗೆ ಕರಗಿಹೋಗುವುದರಿಂದ ಎಷ್ಟೋ ಮನೆಗಳಲ್ಲಿ ತಮ್ಮ ಸಾಲಕ್ಕೆ ವಿಮೆ ಇದೆಯೆಂಬುದೇ ಗೊತ್ತಿರುವುದಿಲ್ಲ. ಸಾಲಗಾರ ತೀರಿಕೊಂಡಾಗಲೂ ಕ್ಲೇಮು ಹಾಕದೆ ಬಿಟ್ಟರೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ.

ತೆರಿಗೆಯನ್ನೂ ಗಮನಿಸಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆಗೆ ಜಿಎಸ್‌ಟಿ ಇಲ್ಲ. ಆ ವಿನಾಯಿತಿ ಗ್ರೂಪ್ ಪಾಲಿಸಿಗಳಿಗೆ ಬರಲಿಲ್ಲ, ಅಲ್ಲಿ ಶೇ 18 ಹಾಗೇ ಉಳಿಯಿತು. ನೀವೇ ಹೋಗಿ ಟರ್ಮ್ ಪಾಲಿಸಿ ಮಾಡಿಸಿದರೆ ಕಟ್ಟಬೇಕಿಲ್ಲದ ತೆರಿಗೆಯನ್ನು ಇಲ್ಲಿ ಕಟ್ಟುತ್ತೀರಿ, ಅದೂ ಸಾಲ ಮಾಡಿ.

ಇಷ್ಟು ಒತ್ತಾಯ ಏಕೆ? ಬ್ಯಾಂಕು ಇಲ್ಲಿ ವಿಮಾ ಕಂಪನಿಯ ಕಾರ್ಪೊರೇಟ್ ಏಜೆಂಟ್. ಸಾಲದ ಬಡ್ಡಿ ಒಂದು ಕಡೆ, ಪ್ರೀಮಿಯಂ ಮೇಲಿನ ಕಮಿಷನ್ ಇನ್ನೊಂದು ಕಡೆ. 2023ರ ಏಪ್ರಿಲ್‌ನಿಂದ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಒಂದೊಂದು ಬಗೆಯ ಪಾಲಿಸಿಗೆ ಇಷ್ಟೇ ಕಮಿಷನ್ ಎಂಬ ಮಿತಿಯನ್ನು ತೆಗೆದುಹಾಕಿ, ಕಂಪನಿಯ ಒಟ್ಟು ನಿರ್ವಹಣಾ ವೆಚ್ಚದ ಮಿತಿಯೊಳಗಿದ್ದರೆ ಸಾಕು ಎಂದಿತು. ನಿಮ್ಮ ಪಾಲಿಸಿಯಿಂದ ಎಷ್ಟು ಹೋಯಿತು ಎಂದು ಯಾವ ಕಾಗದದಲ್ಲೂ ಕಾಣುವುದಿಲ್ಲ. ಆದರೆ ಕೇಳುವ ಹಕ್ಕಿದೆ: ಗ್ರಾಹಕ ಕೇಳಿದರೆ ಕಮಿಷನ್ ಪ್ರಮಾಣ ಹೇಳಬೇಕೆಂದು ಕಾರ್ಪೊರೇಟ್ ಏಜೆಂಟರ ನೀತಿಸಂಹಿತೆಯಲ್ಲೇ ಇದೆ. ಸಹಿ ಹಾಕುವ ಮೊದಲು ಇಮೇಲ್‌ನಲ್ಲಿ ಕೇಳಿ. ಉತ್ತರ ಬಂದರೆ ಒಳ್ಳೆಯದು, ಬಾರದಿದ್ದರೆ ಆ ಇಮೇಲ್ ಮುಂದೆ ದೂರಿಗೆ ದಾಖಲೆ.

ಕೌಂಟರಿನಲ್ಲಿ ಹೇಳುವ ಎರಡು ಮಾತಿಗೆ ಸಿದ್ಧರಿರಿ. ಮೊದಲನೆಯದು, ‘ಆರ್‌ಬಿಐ ರೂಲ್ ಸಾರ್, ಇನ್ಶೂರೆನ್ಸ್ ಕಂಪಲ್ಸರಿ’. ಸಾಲಕ್ಕೆ ಜೀವವಿಮೆ ಕಡ್ಡಾಯ ಎಂಬ ಆರ್‌ಬಿಐ ನಿಯಮ ಇಲ್ಲ. ಅಡಮಾನವಿಟ್ಟ ಮನೆಗೆ ಬೆಂಕಿ, ಭೂಕಂಪದ ವಿಮೆ ಬೇಕೆಂದು ಸಾಲದ ಒಪ್ಪಂದದಲ್ಲಿ ಇರಬಹುದು. ಅದು ಬೇರೆ, ಕಡಿಮೆ ಖರ್ಚಿನದು, ನಿಮಗೆ ಬೇಕಾದ ಕಂಪನಿಯಲ್ಲಿ ಮಾಡಿಸಬಹುದು. ಎರಡನೆಯದು, ‘ವಿಮೆ ತಗೊಂಡರೆ ಬಡ್ಡಿ ಕಡಿಮೆ’. ಶೇ 0.05 ಕಡಿಮೆ ಮಾಡುತ್ತಾರೆ ಎಂದರೂ ಮೇಲಿನ 40 ಲಕ್ಷದ ಸಾಲದಲ್ಲಿ ಉಳಿಯುವುದು ತಿಂಗಳಿಗೆ ಸುಮಾರು 126 ರೂ. ಅದಕ್ಕಾಗಿ ಕಟ್ಟುವುದು 1,041.

ಕೈ ಕೊಡುವುದು ಎಲ್ಲೆಲ್ಲಿ? ಸಾಲ 20 ವರ್ಷದ್ದು, ಪಾಲಿಸಿ 5 ವರ್ಷದ್ದು ಆಗಿರಬಹುದು, ಇದು ಅಪರೂಪವೇನಲ್ಲ. ಗಂಡ ಹೆಂಡತಿ ಜಂಟಿ ಸಾಲದಲ್ಲಿ ಒಬ್ಬರಿಗೆ ಮಾತ್ರ ವಿಮೆ ಇರಬಹುದು. ಕವರ್ ಒಂದು ಪಟ್ಟಿಯಂತೆ ವರ್ಷವರ್ಷ ಇಳಿಯುತ್ತದೆ. ಇದೆಲ್ಲಕ್ಕಿಂತ ಅಪಾಯದ್ದು ಆರೋಗ್ಯ ಘೋಷಣೆ. ಫೋನಿಗೆ ಓಟಿಪಿ ಬರುತ್ತದೆ, ಸಿಬ್ಬಂದಿ ‘ಹೇಳಿ ಮೇಡಂ’ ಎನ್ನುತ್ತಾರೆ, ಬಿಪಿ ಇಲ್ಲ, ಸಕ್ಕರೆ ಕಾಯಿಲೆ ಇಲ್ಲ ಎಂದು ನಿಮ್ಮ ಹೆಸರಿನಲ್ಲಿ ದಾಖಲಾಗುತ್ತದೆ. ಅನಾಹುತವಾದ ಮೇಲೆ ಆಸ್ಪತ್ರೆಯ ಹಳೇ ಚೀಟಿ ಸಿಕ್ಕರೆ ಕ್ಲೇಮು ತಿರಸ್ಕೃತವಾಗಬಹುದು. ಪಾಲಿಸಿ ಇಟ್ಟುಕೊಳ್ಳುವುದೇ ಆದರೆ ಈ ಒಂದು ಪುಟವನ್ನಾದರೂ ತರಿಸಿಕೊಂಡು ಓದಿ, ತಪ್ಪಿದ್ದರೆ ಬರಹದಲ್ಲೇ ತಿದ್ದಿಸಿ.

ತಡೆಯಲು ಒಳ್ಳೆಯ ಜಾಗ ಕೆಎಫ್‌ಎಸ್, ಅಂದರೆ ಸಾಲದ ಬಡ್ಡಿ, ಶುಲ್ಕಗಳನ್ನೆಲ್ಲ ಒಂದೆಡೆ ತೋರಿಸುವ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್. 2024ರ ಅಕ್ಟೋಬರ್ 1ರಿಂದ ರಿಟೇಲ್ ಸಾಲಗಳಿಗೆಲ್ಲ ಇದನ್ನು ಕೊಡಲೇಬೇಕು, ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಕನ್ನಡದಲ್ಲಿ ಕೇಳಿ, ಸಂಕೋಚ ಬೇಡ. ಶುಲ್ಕಗಳ ಪಟ್ಟಿಯಲ್ಲಿ ‘ವಿಮಾ ಶುಲ್ಕ’ ಎಂಬ ಸಾಲು ಪ್ರತ್ಯೇಕವಾಗಿರುತ್ತದೆ, ಬಡ್ಡಿ, ಶುಲ್ಕ ಎಲ್ಲ ಸೇರಿಸಿದ ಎಪಿಆರ್ ಎಂಬ ವಾರ್ಷಿಕ ದರದಲ್ಲೂ ಅದು ಸೇರಿರಬೇಕು. ಏಳು ದಿನಕ್ಕಿಂತ ಕಡಿಮೆ ಅವಧಿಯ ಸಾಲ ಬಿಟ್ಟು ಉಳಿದವುಗಳಿಗೆ ಓದಿ ನಿರ್ಧರಿಸಲು ಕನಿಷ್ಠ ಮೂರು ಕೆಲಸದ ದಿನ ಸಿಗುತ್ತದೆ. ಕೆಎಫ್‌ಎಸ್‌ನಲ್ಲಿ ಇಲ್ಲದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ. ಹಣ ಖಾತೆಗೆ ಬಂದ ದಿನವೇ ಸ್ಟೇಟ್‌ಮೆಂಟ್ ತೆಗೆದು ಕೆಎಫ್‌ಎಸ್ ಪಕ್ಕದಲ್ಲಿಟ್ಟು ನೋಡಿ.

ಪಾಲಿಸಿ ಆಗಲೇ ಆಗಿಹೋಗಿದ್ದರೆ ಫ್ರೀ ಲುಕ್ ಅವಧಿ, ಅಂದರೆ ಪಾಲಿಸಿ ಓದಿ ನೋಡಿ ಬೇಡವೆಂದರೆ ರದ್ದುಮಾಡಿಸಬಹುದಾದ ಕಾಲಾವಕಾಶ, ನೆರವಿಗೆ ಬರುತ್ತದೆ. ಜೀವವಿಮೆಗೆ ಈಗ ಅದು 30 ದಿನ, ಎಣಿಕೆ ಪಾಲಿಸಿ ಕಾಗದ ಕೈಗೆ ಅಥವಾ ಇಮೇಲಿಗೆ ಬಂದ ದಿನದಿಂದ. ಸಾಲದ ಗ್ರೂಪ್ ಪಾಲಿಸಿಯಲ್ಲಿ ನಿಮಗೆ ಸಿಗುವುದು ‘ಸರ್ಟಿಫಿಕೇಟ್ ಆಫ್ ಇನ್ಶೂರೆನ್ಸ್’. ಫ್ರೀ ಲುಕ್ ಷರತ್ತು ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ, ಆ ಸಾಲನ್ನು ಓದಿ ದಿನ ಖಚಿತಪಡಿಸಿಕೊಳ್ಳಿ. ಅರ್ಜಿ ವಿಮಾ ಕಂಪನಿಗೆ ಹೋಗಬೇಕು, ಬ್ಯಾಂಕಿಗೆ ಪ್ರತಿ. ಬ್ರ್ಯಾಂಚಿನಲ್ಲಿ ಬಾಯಿಮಾತಿಗೆ ಹೇಳಿ ಬಂದರೆ ಇಂದು ನಾಳೆ ಎನ್ನುತ್ತ 30 ದಿನ ಕಳೆಯುತ್ತದೆ. ಹಣ ಕೈತಪ್ಪುವುದು ಹೆಚ್ಚಾಗಿ ಹೀಗೇ. ಇಮೇಲ್‌ನಲ್ಲಿ ಸರ್ಟಿಫಿಕೇಟ್ ಸಂಖ್ಯೆ, ಸಾಲದ ಖಾತೆ ಸಂಖ್ಯೆ, ಕಾಗದ ತಲುಪಿದ ದಿನಾಂಕ, ‘ಷರತ್ತುಗಳು ಒಪ್ಪಿಗೆಯಿಲ್ಲ, ಫ್ರೀ ಲುಕ್ ಅಡಿಯಲ್ಲಿ ರದ್ದುಮಾಡಿ’ ಎಂಬ ಒಂದು ವಾಕ್ಯ ಸಾಕು. ವಿಮೆ ಜಾರಿಯಲ್ಲಿದ್ದ ದಿನಗಳ ಪ್ರೀಮಿಯಂ, ವೈದ್ಯಕೀಯ ತಪಾಸಣೆ ಖರ್ಚು, ಸ್ಟ್ಯಾಂಪ್ ಡ್ಯೂಟಿ ಮುರಿದುಕೊಂಡು ಉಳಿದದ್ದನ್ನು ಕೊಡಬೇಕು. ‘ಪಾಲಿಸಿ ಬಿಟ್ಟರೆ ಲೋನ್ ಕ್ಯಾನ್ಸಲ್’ ಎಂಬ ಫೋನ್ ಬಂದರೆ, ಅದನ್ನೇ ಇಮೇಲ್‌ನಲ್ಲಿ ಬರೆದು ಕಳಿಸಿ ಎನ್ನಿ.

ಹಣ ಎಲ್ಲಿಗೆ ಬರುತ್ತದೆ ಎಂಬುದನ್ನೂ ನೋಡಿಕೊಳ್ಳಿ. ಗ್ರೂಪ್ ಪಾಲಿಸಿಯ ಯಜಮಾನ ಬ್ಯಾಂಕೇ ಆದ್ದರಿಂದ ರೀಫಂಡ್ ಬ್ಯಾಂಕಿನ ಮೂಲಕ ಬಂದು ಸಾಲದ ಅಸಲಿಗೆ ಜಮೆಯಾಗಬಹುದು. ಆಗ ಕಂತು ತಾನಾಗಿ ಇಳಿಯದೆ ಅವಧಿ ಮಾತ್ರ ಕಡಿಮೆಯಾಗಬಹುದು. ಕಂತೇ ಇಳಿಯಬೇಕೆಂದರೆ ಪ್ರತ್ಯೇಕವಾಗಿ ಕೇಳಿ, ಹೊಸ ಕಂತಿನ ಪಟ್ಟಿ ಪಡೆಯಿರಿ.

30 ದಿನ ದಾಟಿದ್ದರೆ ‘ಒಪ್ಪಿಗೆಯಿಲ್ಲದೆ, ಒತ್ತಾಯದಿಂದ ಮಾರಿದ್ದು’ ಎಂಬ ದೂರಿನ ದಾರಿ. ವಿಮಾ ಕಂಪನಿಯ ಮೇಲೆ ದೂರು ಕೊಡಲು ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್ ಅಥವಾ ಸಹಾಯವಾಣಿ 155255. ಕಂಪನಿಗೆ ಬರೆದು ಒಂದು ತಿಂಗಳಾದರೂ ಉತ್ತರವಿಲ್ಲದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ, ಒಂದು ವರ್ಷದೊಳಗೆ ವಿಮಾ ದೂರುಗಳನ್ನು ಬಗೆಹರಿಸುವ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ, ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಬ್ಯಾಂಕಿನ ನಡವಳಿಕೆಯ ಬಗ್ಗೆ ಮೊದಲು ಬ್ಯಾಂಕಿಗೇ ದೂರು, 30 ದಿನದಲ್ಲಿ ಬಗೆಹರಿಯದಿದ್ದರೆ ಆರ್‌ಬಿಐನ ಸಿಎಂಎಸ್ ಎಂಬ ದೂರು ಪೋರ್ಟಲ್, ಸಹಾಯವಾಣಿ 14448. ಒಪ್ಪಿಗೆಯ ಓಟಿಪಿ ದಾಖಲೆ ಮತ್ತು ಕರೆಯ ಧ್ವನಿಮುದ್ರಣದ ಪ್ರತಿ ಬೇಕೆಂದು ಮೊದಲ ದೂರಿನಲ್ಲೇ ಕೇಳಿ, ಹೆಚ್ಚಿನ ಪ್ರಕರಣಗಳು ನಿಲ್ಲುವುದು ಬೀಳುವುದು ಅದರ ಮೇಲೆ.

ಸಾಲ ಬೇಗ ತೀರಿಸಿದವರು, ಬೇರೆ ಬ್ಯಾಂಕಿಗೆ ವರ್ಗಾಯಿಸಿದವರು ಹಳೇ ಸರ್ಟಿಫಿಕೇಟ್ ಹುಡುಕಿ ತೆಗೆಯಿರಿ. ಸಾಲ ಮುಗಿದರೂ ವಿಮೆ ತಾನಾಗಿ ಮುಗಿಯದಿರಬಹುದು. ಅದನ್ನು ಮುಂದುವರಿಸಬಹುದೇ, ಸರೆಂಡರ್ ಮಾಡಿದರೆ (ಅವಧಿಗೆ ಮೊದಲೇ ಬಿಟ್ಟುಕೊಟ್ಟರೆ) ಎಷ್ಟು ಬರುತ್ತದೆ ಎಂಬ ಸೂತ್ರ ಅದರಲ್ಲೇ ಇರುತ್ತದೆ. ಬ್ಯಾಂಕಿನ ಎನ್‌ಒಸಿ (ಬಾಕಿಯಿಲ್ಲ, ಆಕ್ಷೇಪವಿಲ್ಲ ಎಂಬ ಪತ್ರ), ಸಾಲ ಮುಗಿದ ಸ್ಟೇಟ್‌ಮೆಂಟ್, ಕ್ಯಾನ್ಸಲ್ ಮಾಡಿದ ಚೆಕ್ ಇವಿಷ್ಟರ ಜೊತೆ ಸರೆಂಡರ್ ಅರ್ಜಿಯನ್ನು ನೇರವಾಗಿ ವಿಮಾ ಕಂಪನಿಗೆ ಕೊಡಿ, ಹಣ ಉಳಿತಾಯ ಖಾತೆಗೇ ಬರಲಿ ಎಂದು ಬರೆಯಿರಿ.