ಗೋಣಿಕೊಪ್ಪದ ಪ್ರಿಂಟಿಂಗ್ ಪ್ರೆಸ್: ಕೆಲಸಾನೂ ಚೆನ್ನಾಗಿದೆ, ಮಾತೂ ಉಳಿಸಿಕೊಳ್ತಾರೆ

ಬಸ್ ಸ್ಟ್ಯಾಂಡಿಂದ ಸ್ವಲ್ಪ ಒಳಗಡೆ ಇರೋ ಈ ಪ್ರೆಸ್ಸಿಗೆ ನಾನು ಹದಿನೈದು ವರ್ಷದಿಂದ ಹೋಗ್ತಾ ಇದೀನಿ, ತಂಗಿ ಮದ್ವೆ ಕಾಗದ, ಹುತ್ತರಿ ಕೋಲಾಟದ ಬ್ಯಾನರ್, ಊರಿನ ಹಾಕಿ ಟೂರ್ನಮೆಂಟಿನ ರಸೀದಿ ಪುಸ್ತಕ ಎಲ್ಲ ಇಲ್ಲೇ. ಪ್ಲಾಸ್ಟಿಕ್ ಫ್ಲೆಕ್ಸ್ 2016ರಲ್ಲೇ ಬ್ಯಾನ್ ಆಯ್ತಲ್ಲ, ಇವ್ರು ಬಟ್ಟೆ ಮೇಲೇ ಹಾಕಿಕೊಡ್ತಾರೆ, ನಮ್ಮ ಜುಲೈ ಮಳೇಲೂ ಬಣ್ಣ ಇಳಿದಿಲ್ಲ. ಒಕ್ಕದ (ಕೊಡವ ಮನೆತನದ) ಹೆಸರುಗಳನ್ನ ಬೇರೆ ಕಡೆ ಕೊಟ್ರೆ ಒಂದಕ್ಷರ ತಪ್ಪೇ ತಪ್ಪುತ್ತೆ, ಇಲ್ಲಿ ಪ್ರೂಫ್ ತೋರಿಸದೆ ಮಷೀನಿಗೆ ಹಾಕಲ್ಲ. ರೇಟ್ ಮೈಸೂರಿಗಿಂತ ಸ್ವಲ್ಪ ಜಾಸ್ತಿ.

ಆದ್ರೆ ರಿವ್ಯೂ ಬರೀಬೇಕು ಅನ್ಸಿದ್ದು ಎಲೆಕ್ಷನ್ ಟೈಮಲ್ಲಿ ಆದ ವಿಷ್ಯಕ್ಕೆ. ನಾನು ಒಂದು ಪಾರ್ಟಿಗೆ ಬೂತ್ ಕೆಲಸ ಮಾಡೋನು, ಯಾವುದು ಅಂತ ಬೇಡ. ನಮ್ಮ ತಾಲೂಕಿನ ಮುಖಂಡರೊಬ್ಬರ ಫೋಟೋ ದೊಡ್ಡದಾಗಿ ಹಾಕಿ ಮೂರು ಸಾವಿರ ಕರಪತ್ರಕ್ಕೆ ಆರ್ಡರ್ ಕೊಟ್ಟಿದ್ದೆ. ಎಲೆಕ್ಷನ್ ಕರಪತ್ರ ಸುಮ್ನೆ ಪ್ರಿಂಟ್ ಹಾಕೋ ಹಾಗಿಲ್ಲ, ಪ್ರಜಾಪ್ರತಿನಿಧಿ ಕಾಯ್ದೆ 127ಎ ಪ್ರಕಾರ ಮುದ್ರಕರು ಪ್ರಕಾಶಕರು ಇಬ್ರದ್ದೂ ಹೆಸರು ವಿಳಾಸ ಇರ್ಬೇಕು, ಪ್ರಕಾಶಕ ಡಿಕ್ಲರೇಷನ್‌ಗೆ ಸೈನ್ ಹಾಕ್ಬೇಕು, ಅವನ ಪರಿಚಯದ ಇಬ್ರು ಸಾಕ್ಷಿ ಬೇಕು, ತಪ್ಪಿದ್ರೆ ಆರು ತಿಂಗಳವರೆಗೆ ಜೈಲು, ಇಲ್ಲ 2000 ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಆ ಪ್ರಕಾಶಕ ನಾನೇ. ಪ್ರಿಂಟ್ ಮುಗಿದ ಮಾರನೇ ದಿನ ಮುಖಂಡರು ಟಿಕೆಟ್ ಸಿಗಲಿಲ್ಲ ಅಂತ ಇನ್ನೊಂದು ಪಾರ್ಟಿ ಶಾಲು ಹಾಕ್ಕೊಂಡ್ರು. ಹತ್ತು ವರ್ಷ ಅವ್ರ ಜೀಪಿನ ಹಿಂದೆ ಓಡಾಡಿದೋನು ನಾನು, ನನ್ನ ಫೋನೂ ಎತ್ತಲಿಲ್ಲ. ಪ್ರೆಸ್ಸಲ್ಲಿ ಆ ಕಟ್ಟುಗಳ ಮೇಲೆ ಅವ್ರ ಮುಖ, ಕೆಳಗೆ ಸಣ್ಣಕ್ಷರದಲ್ಲಿ ನನ್ನ ಹೆಸರು, ನೋಡಿ ಹೊಟ್ಟೆ ಉರೀತು.

ಓನರ್ ಅಣ್ಣ ಪೇಪರ್ ಖರ್ಚು ಮಾತ್ರ ಕೊಡಿ ಅಂದ್ರು. ಹೊಸ ಡಿಕ್ಲರೇಷನ್ ಬರೆಸಿಕೊಂಡು ರಾತ್ರಿ ಪೂರ್ತಿ ಕೂತು ಬೆಳಗ್ಗೆ ಏಳಕ್ಕೆ ಹೊಸ ಕರಪತ್ರ ಕೈಗಿಟ್ರು. ಅದೇ ವಾರ ಆ ಮುಖಂಡರ ಹೊಸ ಪಾರ್ಟಿಯವ್ರೂ ಇಲ್ಲಿಗೇ ಬಂದ್ರು, ಅವ್ರಿಗೂ ಮಾಡಿಕೊಟ್ಟಿದಾರೆ, ಅದು ಅವ್ರ ವ್ಯಾಪಾರ, ತಪ್ಪೇನಿಲ್ಲ, ಆದ್ರೆ ನಮ್ಮದ್ರಲ್ಲಿ ಏನಿದೆ ಅಂತ ಅವ್ರ ಹತ್ರ ಬಾಯಿ ಬಿಟ್ಟಿಲ್ಲ.

ಕಾಯ್ತಾ ಕೂತಾಗ ಅಂಗಡೀಲಿ ಇದೇ ಮಾತು. 1985ರ ಪಕ್ಷಾಂತರ ನಿಷೇಧ ಕಾಯ್ದೆ ಸದನದಲ್ಲಿ ಇರೋರಿಗೆ ಮಾತ್ರ, ಹೊರಗಿದ್ದು ಟಿಕೆಟ್‌ಗೆ ಹಾರೋರನ್ನ ಮುಟ್ಟಲ್ಲ. 2010ರಲ್ಲಿ ನಮ್ಮ ವಿರಾಜಪೇಟೆಯ ಬೋಪಯ್ಯನವ್ರು ಸ್ಪೀಕರ್ ಆಗಿದ್ದಾಗ 16 ಶಾಸಕರನ್ನ ಅನರ್ಹ ಮಾಡಿದ್ರು, ಮುಂದಿನ ವರ್ಷ ಸುಪ್ರೀಂ ಕೋರ್ಟ್ ರದ್ದು ಮಾಡ್ತು. 2019ರಲ್ಲಿ ಅದೇ ಕೋರ್ಟ್ ಬೇರೆ 17 ಶಾಸಕರ ಅನರ್ಹತೆ ಸರಿ ಅಂತು, ಆದ್ರೆ ಎಲೆಕ್ಷನ್‌ಗೆ ನಿಲ್ಲಬಹುದು ಅಂತು. ಅವ್ರಲ್ಲಿ ಹಿಂದೆ ಮೈಸೂರು-ಕೊಡಗು ಎಂಪಿ ಆಗಿದ್ದ ವಿಶ್ವನಾಥ್ ಹುಣಸೂರಲ್ಲಿ ಸೋತ್ರು, ಮಿಕ್ಕೋರಲ್ಲಿ ಬಹುಪಾಲು ಜನ ಗೆದ್ದು ಬಂದ್ರು. ಗೆದ್ರಲ್ಲ, ಜನ ಒಪ್ಪಿದಾರೆ ಅಂತ ಒಬ್ರು ಅಂದ್ರು. ನಂಗೆ ಒಪ್ಪಿಗೆ ಇಲ್ಲ. ಮನಸ್ಸು ಬದಲಾಗೋದು ತಪ್ಪಲ್ಲ, ಆದ್ರೆ ಜೊತೆಗೆ ಮಳೇಲಿ ನೆನೆದೋರಿಗೆ ಮೊದ್ಲು ಹೇಳ್ಬೇಕು.

ಹುತ್ತರಿ ಹತ್ರ ಬಂದ್ರೆ ರಶ್ ಇರುತ್ತೆ, ಹತ್ತು ದಿನ ಮುಂಚೆ ಆರ್ಡರ್ ಕೊಡಿ. ಹಳೇ ಕರಪತ್ರಗಳ ಹಿಂಭಾಗ ಖಾಲಿ ಇತ್ತು, ಅಣ್ಣ ಅದನ್ನ ಕತ್ತರಿಸಿ ಪ್ಯಾಡ್ ಮಾಡಿಕೊಟ್ರು, ತೋಟದ ಕೂಲಿ ಲೆಕ್ಕ ಈಗ ಅದ್ರಲ್ಲೇ ಬರೀತಾ ಇದೀನಿ.